ಅಂಚು ಕತ್ತರಿಸಿದವಳು

ಗ್ರಂಥಾಲಯದ ಹಿಂಬದಿಯಲ್ಲಿ, ಸೈಕಲ್ ನಿಲ್ಲಿಸುವ ಜಾಗಕ್ಕೂ ಮೆಟ್ಟಿಲಿಗೂ ನಡುವೆ ಸಿಕ್ಕಿಹಾಕಿಕೊಂಡಂತೆ ಒಂದು ಉದ್ದನೆಯ ಕೋಣೆ. ಬಾಗಿಲ ಮೇಲೆ ‘ದುರಸ್ತಿ ವಿಭಾಗ’ ಎಂಬ ಫಲಕ. ಅದರದೇ ಒಂದು ಮೊಳೆ ಕಿತ್ತುಬಂದು ಓರೆಯಾಗಿ ನೇತಾಡುತ್ತಿತ್ತು. ಅದನ್ನು ದುರಸ್ತಿ ಮಾಡಲು ಮಾತ್ರ ಯಾವ ವಿಭಾಗವೂ ಇರಲಿಲ್ಲ. ಒಳಗೆ ಎರಡು ಕುರ್ಚಿ, ಒಂದು ಅಗಲವಾದ ಮೇಜು, ಗೋಡೆಗೊರಗಿ ಕಾಗದ ಕತ್ತರಿಸುವ ಯಂತ್ರ. ಅಲ್ಲಿಗೆ ಬರುವ ಪುಸ್ತಕಗಳೂ ಆಸ್ಪತ್ರೆಗೆ ಬರುವವರ ಹಾಗೆಯೇ. ಕೆಲವಕ್ಕೆ ಬೆನ್ನುನೋವು, ಕೆಲವಕ್ಕೆ ಕೈಕಾಲು ಕಳಚಿದೆ, ಇನ್ನು ಕೆಲವನ್ನು ನೋಡಿದರೆ ಮನೆಯವರಿಗೆ ತಿಳಿಸಿಬಿಡುವುದೇ ವಾಸಿ ಅನ್ನಿಸುವಂಥ ಸ್ಥಿತಿ.

ಆ ಮೇಜಿಗೆ ಎದುರುಬದುರಾಗಿ ಇಬ್ಬರು ಹೆಂಗಸರು ಹದಿನಾರು ವರ್ಷ ಕೂತು ಕೆಲಸ ಮಾಡಿದ್ದರು. ಒಬ್ಬಳು ಹೊಲಿಯುವವಳು, ಇನ್ನೊಬ್ಬಳು ಅಂಟಿಸುವವಳು. ಅವರ ನಿಜವಾದ ಹೆಸರು ಗೊತ್ತಿದ್ದದ್ದು ಹಾಜರಿ ಪುಸ್ತಕಕ್ಕೆ ಮಾತ್ರ. ಉಳಿದವರಿಗೆಲ್ಲ ಸೂಜಕ್ಕ ಮತ್ತು ಗೋಂದಕ್ಕ. ಸೂಜಕ್ಕ ಸಣಕಲು, ಮೂಗು ಚೂಪು, ಮಾತು ಇನ್ನೂ ಚೂಪು. ಗೋಂದಕ್ಕ ಗುಂಡಗೆ, ನಿಧಾನ, ಒಮ್ಮೆ ಹಿಡಿದದ್ದನ್ನು ಬಿಡುವವಳಲ್ಲ. ಗೋಂದು ಇದ್ದಲ್ಲಿ ಗೊಂದಲ ಎಂದು ಸೂಜಕ್ಕ ರೇಗಿಸಿದರೆ, ಸೂಜಿ ಹೋದಲ್ಲೆಲ್ಲ ತೂತು ಎಂದು ಅವಳು ವಾಪಸು ಕೊಡುತ್ತಿದ್ದಳು. ಮಧ್ಯಾಹ್ನ ಎರಡು ಡಬ್ಬಿ ತೆರೆದು ನಡುವೆ ಇಟ್ಟುಕೊಂಡರೆ ಯಾವ ತುತ್ತು ಯಾರ ಮನೆಯದು ಎಂದು ಇಬ್ಬರಿಗೂ ಗೊತ್ತಾಗುತ್ತಿರಲಿಲ್ಲ.

ಈಗ ಮೂರು ವರ್ಷದಿಂದ ಗೋಂದಕ್ಕನ ಕುರ್ಚಿ ಖಾಲಿ. ಖಾಲಿ ಎಂದು ಕಣ್ಣಿಗೆ ಕಾಣಬಾರದೆಂದು ಸೂಜಕ್ಕ ಅದರ ಮೇಲೆ ಹರಿದ ಪುಸ್ತಕಗಳನ್ನು ಪೇರಿಸಿಟ್ಟಿದ್ದಳು.

ಆದದ್ದು ಇಷ್ಟು. ಊರಿನ ಹಳೆಯ ಡಾಕ್ಟರೊಬ್ಬರು ತೀರಿಕೊಂಡಾಗ ಅವರ ಮಗಳು ಅಪ್ಪನ ದಪ್ಪನೆಯ ವೈದ್ಯ ಪುಸ್ತಕವೊಂದನ್ನು ಗ್ರಂಥಾಲಯಕ್ಕೆ ಕೊಟ್ಟಿದ್ದಳು. ಪುಸ್ತಕ ಅಂಥ ಅಪರೂಪದ್ದೇನಲ್ಲ. ಅದರ ಪ್ರತಿ ಪುಟದ ಅಂಚಿನಲ್ಲೂ ಡಾಕ್ಟರು ನಲವತ್ತು ವರ್ಷ ಪೆನ್ಸಿಲಿನಲ್ಲಿ ಬರೆದುಕೊಂಡ ಟಿಪ್ಪಣಿಗಳಿದ್ದವು, ಬೆಲೆಯೆಲ್ಲ ಅದರಲ್ಲಿತ್ತು. ಹೊಲಿಗೆ ಸಡಿಲವಾಗಿತ್ತೆಂದು ಅದು ದುರಸ್ತಿಗೆ ಬಂತು. ಗೋಂದಕ್ಕ ಅವತ್ತು ರಜೆ. ಸೂಜಕ್ಕ ಪುಸ್ತಕವನ್ನು ಬಿಚ್ಚಿ, ಹೊಸದಾಗಿ ಹೊಲಿದು, ಹದಿನಾರು ವರ್ಷದ ಅಭ್ಯಾಸದಂತೆ ಹರಕು ಅಂಚು ಒಪ್ಪವಾಗಲಿ ಎಂದು ಯಂತ್ರಕ್ಕೆ ಕೊಟ್ಟು ಮೂರು ಕಡೆಯೂ ಕತ್ತರಿಸಿದಳು. ಬೆರಳಗಲದ ಕಾಗದದ ಪಟ್ಟಿಗಳು ರದ್ದಿ ಬುಟ್ಟಿಗೆ ಉದುರಿದವು. ತಲೆಗೂದಲು ಕತ್ತರಿಸಲು ಕೂತವನು ಕಿವಿಯನ್ನೂ ಸೇರಿಸಿ ಕತ್ತರಿಸಿದ ಹಾಗಾಯಿತು. ಅದು ಅವಳಿಗೆ ತಿಳಿಯುವ ಹೊತ್ತಿಗೆ ಕಸದ ಗಾಡಿ ಬಂದು ಹೋಗಿತ್ತು.

ತಿಂಗಳ ಮೇಲೆ ಡಾಕ್ಟರ ಮಗಳು ಅಪ್ಪನ ಅಕ್ಷರ ನೋಡಬೇಕೆಂದು ಬಂದು ಪುಸ್ತಕ ತೆರೆದಳು. ಟಿಪ್ಪಣಿಯ ಪ್ರತಿ ಸಾಲೂ ಅರ್ಧಕ್ಕೆ ನಿಂತಿತ್ತು. ಆಕೆ ಕೂಗಾಡಲಿಲ್ಲ, ಪುಸ್ತಕವನ್ನು ಎದೆಗೊತ್ತಿಕೊಂಡು ಅತ್ತಳು. ಸಾಹೇಬರು, ಅಂದರೆ ಮುಖ್ಯ ಗ್ರಂಥಪಾಲಕರು, ಇಬ್ಬರನ್ನೂ ಕರೆಸಿ ಕೇಳಿದರು, “ಯಾರು ಕತ್ತರಿಸಿದ್ದು?”

ಸೂಜಕ್ಕ ಆಗ ದಿನಗೂಲಿಯವಳು. ಕಾಯಂ ಆಗುವುದಕ್ಕೆ ಕಾಯುವುದೇ ಹದಿನಾರು ವರ್ಷದಿಂದ ಅವಳ ಕಾಯಂ ಕೆಲಸವಾಗಿತ್ತು, ಕಡತ ಆಗಷ್ಟೇ ಮೇಲಿನ ಕಚೇರಿಗೆ ಹೋಗಿತ್ತು. ಅವಳು ಬಾಯಿ ತೆರೆದಳು.

“ನಾನೇ ಸಾರ್,” ಎಂದಳು ಗೋಂದಕ್ಕ.

ಹೊರಗೆ ಮೆಟ್ಟಿಲ ಬಳಿ ಸೂಜಕ್ಕ ಅವಳನ್ನು ತಡೆದು ನಿಲ್ಲಿಸಿದಳು. “ಏನೇ ಇದು? ಅವತ್ತು ನೀನು ಇರ್ಲೇ ಇಲ್ವಲ್ಲೇ!”

“ನನ್ನನ್ನ ಕಿತ್ತುಹಾಕೋಕಾಗಲ್ಲ ಕಣೇ, ನಾನು ಕಾಯಂ. ನಿನ್ನನ್ನ ನಾಳೇನೇ ಹೊರಗೆ ಹಾಕ್ತಾರೆ. ನಿನ್ನ ಆರ್ಡರ್ ಕೈಗೆ ಬರ್ಲಿ, ಆಮೇಲೆ ಹೋಗಿ ಹೇಳು. ಅಷ್ಟೇ ತಾನೇ?”

“ಕೈಗೆ ಬಂದ ದಿನಾನೇ ಹೇಳ್ತೀನಿ.”

“ಮಾರನೇ ದಿನ ಹೇಳು ಪರವಾಗಿಲ್ಲ. ಮೊದಲನೇ ದಿನ ಸ್ವಲ್ಪ ಸಂತೋಷ ಪಡು.”

ಗೋಂದಕ್ಕನನ್ನು ನೆಲಮಾಳಿಗೆಯ ಹಳೆ ಪತ್ರಿಕೆಗಳ ಕೋಣೆಗೆ ಹಾಕಿದರು. ಕಿಟಕಿಯಿಲ್ಲದ ಜಾಗ, ಧೂಳು, ಕಟ್ಟು, ಹಗ್ಗ. ಎಂಟು ತಿಂಗಳಲ್ಲಿ ಸೂಜಕ್ಕನ ಆರ್ಡರ್ ಬಂತು. ಮೊದಲನೇ ದಿನ ಸಂತೋಷಪಟ್ಟಳು. ಮಾರನೇ ದಿನ ಸಾಹೇಬರು ಊರಲ್ಲಿರಲಿಲ್ಲ. ಅದರ ಮಾರನೇ ದಿನ ಅವರ ಮುಖ ಸರಿಯಿರಲಿಲ್ಲ. ಆಮೇಲೆ ವಾರ್ಷಿಕ ತಪಾಸಣೆ, ಆಮೇಲೆ ಮಾವನ ಕಣ್ಣಿನ ಆಪರೇಷನ್, ಆಮೇಲೆ ‘ಇಷ್ಟು ದಿನ ಬಿಟ್ಟು ಈಗ ಹೇಳಿದರೆ ಏನಂದುಕೊಂಡಾರು?’ ಎಂಬ ಯೋಚನೆ. ಈ ಕೊನೆಯ ಕಾರಣಕ್ಕೆ ಒಂದು ಅನುಕೂಲವಿತ್ತು: ದಿನ ಕಳೆದಷ್ಟೂ ಅದು ಗಟ್ಟಿಯಾಗುತ್ತಿತ್ತು.

ಗೋಂದಕ್ಕ ಒಮ್ಮೆಯೂ ಕೇಳಲಿಲ್ಲ. ಮೊದಮೊದಲು ಊಟದ ಹೊತ್ತಿಗೆ ಮೇಲೆ ಬರುತ್ತಿದ್ದಳು. ಸೂಜಕ್ಕನೇ ‘ಅರ್ಜೆಂಟ್ ಕೆಲಸ ಇದೆ ಕಣೇ’ ಎಂದು ತಪ್ಪಿಸಿಕೊಳ್ಳತೊಡಗಿದಳು. ಕಣ್ಣಿಗೆ ಕಣ್ಣು ಕೊಟ್ಟು ಊಟ ಮಾಡುವುದು ಕಷ್ಟವಾದಾಗ ಮನುಷ್ಯ ಕಣ್ಣು ತಪ್ಪಿಸುತ್ತಾನೆಯೇ ಹೊರತು ಊಟ ತಪ್ಪಿಸುವುದಿಲ್ಲ. ಕ್ರಮೇಣ ಡಬ್ಬಿಗಳು ಬೇರೆಯಾದವು. ಹೊಸದಾಗಿ ಸೇರಿದವರು ಗೋಂದಕ್ಕನನ್ನು ತೋರಿಸಿ, “ಅವರೇ ಅಂತೆ, ಡಾಕ್ಟರ ಪುಸ್ತಕದ ಅಂಚು ಕತ್ತರಿಸಿದವರು. ಒಳ್ಳೇದು ಏನೂ ಅವರ ಕೈಗೆ ಕೊಡಬೇಡಿ,” ಎಂದು ಪಿಸುಗುಟ್ಟುವುದನ್ನು ಸೂಜಕ್ಕ ಎಷ್ಟೋ ಸಲ ಕೇಳಿದ್ದಳು. ಆಗೆಲ್ಲ ದಾರಕ್ಕೆ ಮೇಣ ಹಚ್ಚುವ ಕೆಲಸ ಅವಳಿಗೆ ತಟ್ಟನೆ ನೆನಪಾಗುತ್ತಿತ್ತು. ಪುಸ್ತಕಗಳಿಗೆ ಬೆನ್ನು ಕಟ್ಟುವುದೇ ಅವಳ ಕಸುಬು. ಗೆಳತಿಯ ಬೆನ್ನಿಗೆ ನಿಲ್ಲುವುದು ಮಾತ್ರ ಆಗಲಿಲ್ಲ.

ಒಂದು ಸೋಮವಾರ ಸಾಹೇಬರು ಅವಳನ್ನು ಕರೆಸಿದರು.

“ಬರೋ ತಿಂಗಳು ನಿಮ್ಮ ಆ ಇನ್ನೊಂದು ಕುರ್ಚಿಗೆ ಹೊಸಬರೊಬ್ಬರು ಬರ್ತಾರೆ. ಅಷ್ಟರಲ್ಲಿ ಇದೊಂದು ಅರ್ಜಿ ಬಂದಿದೆ ನೋಡಿ.” ಗೋಂದಕ್ಕನ ಗುಂಡು ಅಕ್ಷರ ದೂರದಿಂದಲೇ ಗುರುತಾಯಿತು. “ಮತ್ತೆ ದುರಸ್ತಿಗೇ ಬರ್ತೀನಿ ಅಂತಾರೆ. ಧೂಳಿಗೆ ಕೆಮ್ಮಂತೆ. ಆ ಕೈಗೆ ಮತ್ತೆ ಪುಸ್ತಕ ಕೊಡೋದಾ? ಜೊತೆಗೆ ಕೆಲಸ ಮಾಡ್ದೋರು ನೀವು, ನೀವೇನಂತೀರಿ?”

ಬಾಗಿಲು ತಾನಾಗಿ ತೆರೆದಿತ್ತು. ಒಂದು ಹೆಜ್ಜೆ ಇಟ್ಟರೆ ಸಾಕಿತ್ತು.

“ತಾವು ನೋಡಿ ಮಾಡಿ ಸಾರ್,” ಎಂದಳು ಸೂಜಕ್ಕ.

“ಅದೂ ಸರೀನೇ. ಯಾಕೆ ರಿಸ್ಕು?” ಎಂದು ಸಾಹೇಬರು ಅರ್ಜಿಯನ್ನು ಬೇರೆ ಕಾಗದಗಳ ಕೆಳಗೆ ತಳ್ಳಿದರು. “ಶನಿವಾರ ಬರೆದು ಕಳಿಸ್ತೀನಿ, ಆಗಲ್ಲ ಅಂತ.”

ಅವಳು ಕೋಣೆಗೆ ಮರಳಿದಾಗ ಮಕ್ಕಳ ವಿಭಾಗದ ಮೇಡಂ ಕಾಗದದ ಕಂತೆ ಹಿಡಿದು ಕಾಯುತ್ತಿದ್ದರು. ಕೂದಲಲ್ಲಿ ಯಾವಾಗಲೂ ಒಂದು ಪೆನ್ಸಿಲ್ ಸಿಕ್ಕಿಸಿಕೊಂಡು ಅದನ್ನೇ ಹುಡುಕುತ್ತಿರುವ ಉತ್ಸಾಹಿ ಹೆಂಗಸು.

“ಸೂಜಕ್ಕಾ, ನಲವತ್ತೊಂದು ಹಾಳೆ. ಮಕ್ಕಳಿಗೆ ಒಂದು ಕಥೆ ಓದಿ, ಇದರಲ್ಲಿ ನಿಜವಾದ ಗೆಳೆಯ ಯಾರು, ಯಾಕೆ ಅಂತ ಬರೆಸಿದೀನಿ. ಪುಸ್ತಕ ಮಾಡ್ಕೊಡಿ. ಶನಿವಾರ ಅಪ್ಪ ಅಮ್ಮಂದಿರು ನೋಡೋಕೆ ಬರ್ತಾರೆ.”

“ಯಾವ ಕಥೆ ಮೇಡಂ?”

“ಒಬ್ಬ ರಾಜಕುಮಾರ, ಒಬ್ಬ ಕಮ್ಮಾರನ ಮಗ, ಜೀವದ ಗೆಳೆಯರು. ರಾಜಕುಮಾರ ಆಟಕ್ಕೆ ಅಂತ ಅಪ್ಪನ ಬೇಟೆ ಗಿಡುಗದ ಪಂಜರ ತೆಗೀತಾನೆ, ಅದು ಹಾರಿಹೋಗತ್ತೆ. ರಾಜ ಕೆಂಡವಾಗಿ ಯಾರು ಅಂತ ಕೇಳಿದಾಗ ಕಮ್ಮಾರನ ಮಗ ನಾನೇ ಅಂತಾನೆ. ಏಳು ವರ್ಷ ಕಾಡುಪಾಲು. ಆಮೇಲೆ ರಾಜಕುಮಾರ ತಾನೇ ರಾಜ ಆಗಿ, ಗೆಳೆಯನ್ನ ಕರ್ಕೊಂಡ್ಬಂದು ಅರ್ಧ ರಾಜ್ಯ ಕೊಡ್ತಾನೆ. ಚೆನ್ನಾಗಿದೆ ಅಲ್ವಾ?”

“ಚೆನ್ನಾಗಿದೆ,” ಎಂದಳು ಸೂಜಕ್ಕ. ಗೋಂದಕ್ಕ ಏನಾದರೂ ಬಾಯಿಬಿಟ್ಟಿರಬಹುದೇ ಎಂದು ಮೇಡಂ ಮುಖವನ್ನೇ ನೋಡಿದಳು. ಮೇಡಂ ಪೆನ್ಸಿಲ್ ಹುಡುಕುತ್ತಿದ್ದರು.

ಬಿಡಿ ಹಾಳೆಗಳನ್ನು ಪುಸ್ತಕ ಮಾಡುವುದು ರಗಳೆಯ ಕೆಲಸ. ಎಡಗಡೆ ತೂತು ಕೊರೆದು ಹೊಲಿದರೆ ಹೊಲಿಗೆ ಒಂದು ಬೆರಳಗಲ ತಿಂದುಹಾಕುತ್ತದೆ. ದೊಡ್ಡವರಾದರೆ ಅಂಚು ಬಿಟ್ಟು ಬರೆಯುತ್ತಾರೆ. ಮಕ್ಕಳಿಗೆ ಕಾಗದ ಎಂದರೆ ಪೂರಾ ಕಾಗದ, ಅಕ್ಷರಗಳು ಈ ತುದಿಯಿಂದ ಆ ತುದಿಗೆ ಓಡಿ, ಜಾಗ ಸಾಲದೆ ಮೂಲೆಯಲ್ಲಿ ಮೇಲಕ್ಕೆ ಹತ್ತಿದ್ದವು. ಹಾಗಾಗಿ ಪ್ರತಿ ಹಾಳೆಗೂ ಎಡಕ್ಕೆ ತೆಳು ಕಾಗದದ ಪಟ್ಟಿ ಅಂಟಿಸಿ, ಹೊಲಿಗೆ ಆ ಪಟ್ಟಿಗೆ ಬೀಳುವಂತೆ ಮಾಡಬೇಕಿತ್ತು. ಒಂದೊಂದನ್ನೂ ಕೈಯಲ್ಲಿ ಹಿಡಿದು, ಅಕ್ಷರ ಎಲ್ಲಿ ಶುರು ಎಲ್ಲಿ ಕೊನೆ ನೋಡಿ, ಗೋಂದು ಒಣಗುವವರೆಗೂ ಒತ್ತಿ ಹಿಡಿಯಬೇಕು. ಗೋಂದು ಒಣಗುವ ತನಕ ಕಣ್ಣಿಗೆ ಬೇರೆ ಏನು ಕೆಲಸ? ಓದಿದಳು.

‘ಕಮ್ಮಾರನ ಮಗನೇ ನಿಜವಾದ ಗೆಳೆಯ. ಯಾಕೆಂದರೆ ಮೇಡಂ ಅದೇ ಉತ್ತರ ಬೇಕು ಅನ್ನುವ ಹಾಗೆ ಓದಿದರು.’

‘ಗೆಳೆಯನಿಗೆ ಪ್ರಾಣ ಕೊಡುವುದು ಸುಲಭ. ಕಥೆಯಲ್ಲಿ ಮತ್ತೆ ಬದುಕುತ್ತಾರೆ. ರಬ್ಬರ್ ಕೊಡುವುದು ಕಷ್ಟ. ವಾಪಸ್ ಬರುವುದಿಲ್ಲ.’

‘ಗಿಡುಗ ನಿಜವಾದ ಗೆಳೆಯ ಅಲ್ಲ. ಅದು ಮೇಲಿನಿಂದ ಎಲ್ಲಾ ನೋಡಿತ್ತು, ಬಂದು ಹೇಳಲಿಲ್ಲ.’

ಸೂಜಕ್ಕ ನಕ್ಕಳು. ಮುಂದಿನ ಹಾಳೆ ಎತ್ತಿಕೊಂಡಳು. ಹಸಿರು ಶಾಯಿ, ಬಿಡಿಬಿಡಿ ಅಕ್ಷರ.

‘ರಾಜಕುಮಾರ ಕೆಟ್ಟವನಲ್ಲ. ಆಮೇಲೆ ಹೇಳೋಣ ಅಂದುಕೊಂಡ. ಆಮೇಲೆ ಅನ್ನುವುದೇ ಏಳು ವರ್ಷ ಆಯಿತು.’

ಒತ್ತಿ ಹಿಡಿದ ಬೆರಳು ಪಟ್ಟಿಗೆ ಅಂಟಿಕೊಂಡಿತು. ಬಿಡಿಸಿಕೊಳ್ಳುವಾಗ ಹಾಳೆಯ ಮೂಲೆ ಕೊಂಚ ಸುಲಿಯಿತು. ಅದನ್ನು ಸರಿಮಾಡಿ, ಎದ್ದು ನೀರು ಕುಡಿದು ಬಂದು, ಇನ್ನೊಂದು ಹಾಳೆ ತೆಗೆದಳು. ಅದರಲ್ಲಿ ಇದ್ದದ್ದು ಒಂದೇ ಸಾಲು:

‘ಏಳು ವರ್ಷ ರಾಜಕುಮಾರ ದಿನಾ ಊಟ ಮಾಡಿದನಾ? ಕಥೆಯಲ್ಲಿ ಬರೆದಿಲ್ಲ.’

ಅವತ್ತು ಮಧ್ಯಾಹ್ನ ತೆರೆಯದ ಡಬ್ಬಿ ಸಂಜೆ ಹಾಗೇ ಮನೆಗೆ ಹೋಯಿತು.

ಗಂಡನಿಗೆ ಗಡಿಯಾರ ರಿಪೇರಿ ಕಸುಬು. ಮನೆಯಲ್ಲೂ ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡೇ ಲೋಕ ನೋಡುವವನು. ತುಂಬಿದ ಡಬ್ಬಿ ನೋಡಿ ಕೇಳಿದ, “ಏನೇ, ಮುಷ್ಕರವಾ?”

ಅವಳು ಗೋಂದಕ್ಕನ ಅರ್ಜಿಯ ವಿಷಯ ಹೇಳಿದಳು. ತಾನು ಕೊಟ್ಟ ಉತ್ತರ ಹೇಳಲಿಲ್ಲ.

“ಪಾಪ ಕಣೇ. ಒಳ್ಳೆ ಹೆಂಗಸು, ಒಂದು ಸಲ ಕೈ ತಪ್ಪಿತು. ನೀನೊಂದು ಮಾತು ಹೇಳಬಾರದಾ ಅವಳ ಪರವಾಗಿ? ನಿನಗೆ ದೊಡ್ಡ ಮನಸ್ಸು.”

ಮಗ್ಗುಲಲ್ಲಿ ಮಲಗುವವನಿಗೂ ಅವಳು ಈ ಮೂರು ವರ್ಷ ನಿಜ ಹೇಳಿರಲಿಲ್ಲ. ದೊಡ್ಡ ಮನಸ್ಸು ಎದ್ದು ಪಾತ್ರೆ ತೊಳೆಯಲು ಹೋಯಿತು.

ಗುರುವಾರ ಸಂಜೆ ಹೊಲಿಗೆ ಶುರುಮಾಡುವ ಹೊತ್ತಿಗೆ ಬಾಗಿಲಲ್ಲಿ ಒಂದು ಹುಡುಗಿ ನಿಂತಿತ್ತು. ಎಂಟು ವರ್ಷವಿರಬಹುದು, ಮುಂದಿನ ಎರಡು ಹಲ್ಲು ರಜೆ ಮೇಲೆ ಹೋಗಿದ್ದವು.

“ಆಂಟಿ, ನಮ್ಮ ಪುಸ್ತಕ ಇಲ್ಲೇನಾ ಮಾಡೋದು? ಈ ಮಶೀನು ಬೆರಳೂ ಕಟ್ ಮಾಡತ್ತಾ?”

“ಇಟ್ಟೋರದು ಮಾಡತ್ತೆ. ಏನ್ ಬೇಕಿತ್ತು?”

“ನನ್ ಪೇಜ್ ವಾಪಸ್ ಬೇಕು. ಬೇರೆ ಬರೀಬೇಕು.”

“ಯಾಕೆ, ತಪ್ಪಿದ್ಯಾ?”

“ತಪ್ಪಿಲ್ಲ. ಸುಳ್ಳಿದೆ.” ಹುಡುಗಿ ಒಳಗೆ ಬಂದು ಮೇಜಿಗೆ ಗಲ್ಲ ಊರಿತು. “ನಾನು ನನ್ ಫ್ರೆಂಡಿಗೆ ಯಾವತ್ತೂ ಮೋಸ ಮಾಡಿಲ್ಲ ಅಂತ ಬರ್ದಿದೀನಿ. ಆದ್ರೆ ಮಾಡಿದೀನಿ. ಸ್ಕೂಲಲ್ಲಿ ಗೋಡೆಗೆ ಹಾಕಿದ್ದ ಚಿತ್ರದ ಮೇಲೆ ನೀರು ಚೆಲ್ಲಿದ್ದು ನಾನು. ಮಿಸ್ ಅವಳಿಗೆ ಬೈದ್ರು. ನಾನು ಬ್ಯಾಗಲ್ಲಿ ಏನೋ ಹುಡುಕ್ತಾ ಇದ್ದೆ.”

“ಏನ್ ಹುಡುಕ್ತಿದ್ದೆ?”

“ಏನೂ ಇಲ್ಲ. ಸುಮ್ನೆ.”

ಸೂಜಕ್ಕ ಮೇಣದ ಉಂಡೆಯನ್ನು ಕೆಳಗಿಟ್ಟಳು. “ಆಮೇಲೆ ಹೇಳಿದ್ಯಾ?”

“ನಿನ್ನೆ ಹೇಳ್ದೆ. ಮಿಸ್ಸಿಗೂ ಅವಳಿಗೂ. ಅವಳೀಗ ನನ್ ಜೊತೆ ಮಾತು ಬಿಟ್ಟಿದಾಳೆ. ಜಾಗಾನೂ ಬದಲಾಯಿಸಿದಾಳೆ.”

“ಮತ್ತೆ ಹೇಳಿ ಏನ್ ಬಂತೇ ಪುಟ್ಟೀ?”

ಹುಡುಗಿ ಹಲ್ಲಿಲ್ಲದ ಜಾಗದಲ್ಲಿ ನಾಲಿಗೆ ಆಡಿಸುತ್ತ ಯೋಚಿಸಿತು. “ಏನೂ ಬರ್ಲಿಲ್ಲ. ಆದ್ರೆ ಮೊದ್ಲು ಅವಳು ಮಾತಾಡ್ತಿದ್ಲಲ್ಲ, ಆಗ ನನಗೆ ಹೊಟ್ಟೆ ನೋಯ್ತಿತ್ತು. ಈಗ ಮಾತಾಡಲ್ಲ, ಅಳು ಬರತ್ತೆ, ಹೊಟ್ಟೆ ನೋಯಲ್ಲ.” ತಕ್ಷಣ ವ್ಯವಹಾರಕ್ಕೆ ಬಂತು: “ಪುಸ್ತಕ ಹೊಲಿದ್ಬಿಟ್ರೆ ಆಮೇಲೆ ತೆಗೆಯೋಕಾಗಲ್ಲ ಅಲ್ವಾ ಆಂಟಿ? ಬೇಗ ಕೊಡಿ.”

ಇಪ್ಪತ್ತಾರನೆಯ ಹಾಳೆ. ಸೂಜಕ್ಕ ಅದನ್ನು ಹುಡುಕಿ, ಅಂಟಿಸಿದ ಪಟ್ಟಿ ಕತ್ತರಿಸಿ ಕೊಟ್ಟಳು. ಹುಡುಗಿ ಅಲ್ಲೇ ನೆಲದ ಮೇಲೆ ಕೂತು ಹೊಸ ಹಾಳೆಯಲ್ಲಿ ಬರೆಯಿತು, ಬರೆದದ್ದನ್ನು ಕೈಯಿಂದ ಮರೆಮಾಡಿಕೊಂಡು. ಕೊಡುವಾಗ, “ನೀವು ಓದಬಾರ್ದು,” ಎಂದಿತು. ಆ ಒಂದು ಹಾಳೆಯನ್ನು ಸೂಜಕ್ಕ ಕಣ್ಣು ಬೇರೆಡೆ ತಿರುಗಿಸಿಕೊಂಡೇ ಒತ್ತಿ ಹಿಡಿದಳು.

ಶುಕ್ರವಾರ ಬೆಳಿಗ್ಗೆ ಸಾಹೇಬರು ಸಹಿ ಹಾಕುತ್ತಿದ್ದಾಗ ಅವಳು ಒಳಗೆ ಹೋದಳು.

“ಸಾರ್, ಆ ಡಾಕ್ಟರ ವಿಷಯ...”

“ಯಾವ ಡಾಕ್ಟರು? ನಂಗೆ ಗೊತ್ತಿರೋದು ನನ್ನ ಬಿಪಿ ಡಾಕ್ಟರು ಒಬ್ಬರೇ.”

“ತೀರಿಹೋದೋರು ಸಾರ್. ಅವರ ಪುಸ್ತಕದ ಅಂಚು ಕತ್ತರಿಸಿದ್ದು ನಾನು. ಗೋಂದಕ್ಕ ಅವತ್ತು ರಜೆಯಲ್ಲಿದ್ಲು. ಹಾಜರಿ ಪುಸ್ತಕ ತೆಗೆಸಿ ನೋಡಿ.”

ಸಾಹೇಬರ ಪೆನ್ನು ಅರ್ಧ ಸಹಿಯಲ್ಲಿ ನಿಂತಿತು. “ಆಕೆ ನಾನೇ ಅಂದ್ರಲ್ಲ?”

“ಸುಳ್ಳು ಸಾರ್. ನನ್ನ ಕೆಲಸ ಉಳಿಸೋಕೆ.”

“ಅಂದ್ರೆ ಮೂರು ವರ್ಷದಿಂದ ನನ್ನ ಕಡತದಲ್ಲಿ ಸುಳ್ಳು ಕೂತಿದೆ!” ಮನುಷ್ಯರಿಗಿಂತ ಕಡತಕ್ಕೆ ಆದ ಅನ್ಯಾಯ ಅವರನ್ನು ಹೆಚ್ಚು ನೋಯಿಸಿದಂತೆ ಕಂಡಿತು. “ಇಷ್ಟು ದಿನ ಬಿಟ್ಟು ಈಗ್ಯಾಕ್ರೀ? ಸೋಮವಾರ ನಾನೇ ಕೇಳಿದಾಗ ಏನಾಗಿತ್ತು?”

ಅವಳು ಎರಡು ವರ್ಷದಿಂದ ಹೆದರಿದ್ದ ಪ್ರಶ್ನೆ ಅದೇ. ಬಂದೇ ಬಿಟ್ಟಿತು.

“ಹೆದರಿಕೆ ಸಾರ್. ಆಮೇಲೆ ಅಭ್ಯಾಸ ಆಯ್ತು.”

“ಬರೆದುಕೊಡಿ.”

ಬರೆದಳು. ಮುಗಿಸಿ, “ಡಾಕ್ಟರ ಮಗಳಿಗೂ ಒಂದು ಪ್ರತಿ ಕಳಿಸಿ ಸಾರ್,” ಎಂದಳು. “ಆಕೆ ಶಾಪ ಹಾಕಿದ್ರೆ ಅದು ಇಷ್ಟು ದಿನ ತಪ್ಪು ವಿಳಾಸಕ್ಕೆ ಹೋಗಿರತ್ತೆ.”

ಸಾಹೇಬರು ನಗಲಿಲ್ಲ. “ಕೆಲಸದಿಂದ ತೆಗೆಯೋಕೆ ಆಗಲ್ಲ, ಈಗ ನೀವೂ ಕಾಯಂ. ಆದ್ರೆ ಆ ತಪ್ಪಿಗೆ ನೆಲಮಾಳಿಗೆ ಅಂತ ಆದೇಶ ಇದೆ. ತಪ್ಪು ನಿಮ್ಮದಾದ್ರೆ ನೆಲಮಾಳಿಗೇನೂ ನಿಮ್ಮದೇ. ಸೋಮವಾರದಿಂದ ಅವರು ಮೇಲೆ, ನೀವು ಕೆಳಗೆ.”

ನೆಲಮಾಳಿಗೆಯ ಮೆಟ್ಟಿಲು ಹನ್ನೊಂದು. ಎರಡು ವರ್ಷದಿಂದ ಸೂಜಕ್ಕ ಅವನ್ನು ಇಳಿದಿರಲಿಲ್ಲ. ಒಂದೇ ಬಲ್ಬಿನ ಕೆಳಗೆ ಗೋಂದಕ್ಕ ಮೂಗಿಗೆ ಬಟ್ಟೆ ಕಟ್ಟಿಕೊಂಡು, ಮೊಣಕಾಲಿನಿಂದ ಪತ್ರಿಕೆಯ ಕಟ್ಟನ್ನು ಒತ್ತಿ ಹಗ್ಗ ಬಿಗಿಯುತ್ತಿದ್ದಳು. ತೆಳ್ಳಗಾಗಿದ್ದಳು.

“ಏನೇ, ದಾರಿ ತಪ್ತಾ?”

“ಸಾಹೇಬ್ರಿಗೆ ಹೇಳ್ದೆ ಕಣೇ. ಕತ್ತರಿಸಿದ್ದು ನಾನು ಅಂತ.”

ಗೋಂದಕ್ಕ ಹಾಕುತ್ತಿದ್ದ ಗಂಟನ್ನು ಪೂರ್ತಿ ಮಾಡಿದಳು. “ನಿನ್ನ ಆರ್ಡರ್ ಬಂದು ಎರಡು ವರ್ಷ ನಾಲ್ಕು ತಿಂಗಳು.”

“ನೀನೂ ಎಣಿಸ್ತಿದ್ಯಾ?”

“ಇಲ್ಲಿ ದಿನಾ ಪತ್ರಿಕೆ ಬರತ್ತೆ. ತಾರೀಕು ಮೇಲೇ ಇರತ್ತೆ.”

ಇಲ್ಲಿಗೇ ನಿಲ್ಲಿಸಬಹುದಿತ್ತು. ಮುಂದಿನದು ಗೋಂದಕ್ಕನಿಗೆ ಗೊತ್ತಿರಲಿಲ್ಲ, ಗೊತ್ತಾಗುವ ದಾರಿಯೂ ಇರಲಿಲ್ಲ. ಸೂಜಕ್ಕ ಮೇಲಿನ ಮೆಟ್ಟಿಲ ಕಡೆ ಒಮ್ಮೆ ನೋಡಿ ಹೇಳಿದಳು, “ಇನ್ನೊಂದಿದೆ. ಸೋಮವಾರ ನಿನ್ನ ಅರ್ಜಿ ತೋರಿಸಿ, ಕೊಡೋದಾ ಅಂತ ಕೇಳಿದ್ರು. ನಾನು... ತಾವು ನೋಡಿ ಮಾಡಿ ಅಂದ್ಬಿಟ್ಟೆ.”

ಗೋಂದಕ್ಕ ಕಟ್ಟಿನ ಮೇಲೆ ಕೂತಳು. ಬಟ್ಟೆ ಬಿಚ್ಚಿದಳು. ಸ್ವಲ್ಪ ಹೊತ್ತು ಕೆಮ್ಮಿದಳು. ಅದು ಕೆಮ್ಮೋ ಬೇರೇನೋ ಸೂಜಕ್ಕನಿಗೆ ತಿಳಿಯಲಿಲ್ಲ.

“ಮೊದಲನೇದನ್ನ ಹೆದರಿಕೆ ಅಂತ ಇಟ್ಕೊಂಡಿದ್ದೆ,” ಎಂದಳು ಕೊನೆಗೆ. “ಇದನ್ನ ಏನಂತ ಇಟ್ಕೊಳ್ಳಲಿ ಹೇಳು?”

“ಗೊತ್ತಿಲ್ಲ ಕಣೇ.”

“ನಂಗೂ ಗೊತ್ತಿಲ್ಲ. ಕ್ಷಮಿಸು ಗಿಮಿಸು ಅಂತ ಈಗ ಕೇಳ್ಬೇಡ. ಕೇಳಿದ್ರೆ ಇಲ್ಲ ಅಂತೀನಿ, ಆಮೇಲೆ ಆ ಮಾತು ಹಂಗೇ ಉಳ್ಕೊಳತ್ತೆ.”

“ಒಂದು ಸಲ ಆದ್ರೂ ನೀನ್ಯಾಕೆ ಕೇಳ್ಲಿಲ್ಲ, ಯಾವಾಗ ಹೇಳ್ತೀಯ ಅಂತ?”

“ಕೇಳಿದ್ರೆ ನೀನು ಹೇಳಿದ ಹಾಗಾಗ್ತಿರ್ಲಿಲ್ಲ. ನಾನು ಹೇಳಿಸಿದ ಹಾಗಾಗ್ತಿತ್ತು.” ಗೋಂದಕ್ಕ ಮತ್ತೆ ಬಟ್ಟೆ ಕಟ್ಟಿಕೊಂಡಳು. “ಹೋಗು, ಕೆಲಸ ಇದೆ ನಂಗೆ.”

ಆ ರಾತ್ರಿ ಗಂಡನಿಗೂ ಹೇಳಿದಳು. ಅವನು ಭೂತಗನ್ನಡಿ ತೆಗೆದು ಹೆಂಡತಿಯನ್ನು ಬರಿಗಣ್ಣಲ್ಲಿ ನೋಡಿದ, ‘ದೊಡ್ಡ ಮನಸ್ಸು’ ಎಂದದ್ದು ನೆನಪಾಗಿರಬೇಕು. ಶನಿವಾರ ಮಕ್ಕಳ ಪುಸ್ತಕ ಮೇಡಂ ಕೈ ಸೇರಿತು. ಇಪ್ಪತ್ತಾರನೆಯ ಪುಟದಲ್ಲಿ ಏನಿದೆ ಎಂದು ಸೂಜಕ್ಕನಿಗೆ ಕೊನೆಗೂ ತಿಳಿಯಲಿಲ್ಲ.

ಸೋಮವಾರ ಬೆಳಿಗ್ಗೆ ಇಬ್ಬರೂ ಮೆಟ್ಟಿಲ ತಲೆಯಲ್ಲಿ ಎದುರಾದರು. ಗೋಂದಕ್ಕನ ಕೈಯಲ್ಲಿ ಅವಳ ಕುಂಚಗಳ ಡಬ್ಬ, ಸೂಜಕ್ಕನ ಕೈಯಲ್ಲಿ ಊಟದ ಡಬ್ಬಿ. ಕೊಡಲು ಸೂಜಕ್ಕನ ಹತ್ತಿರ ಅರ್ಧ ರಾಜ್ಯವೇನೂ ಇರಲಿಲ್ಲ.

“ಕುರ್ಚಿ ಮೇಲಿನ ಪುಸ್ತಕ ಎಲ್ಲ ತೆಗೆದಿದೀನಿ,” ಎಂದಳು.

ಗೋಂದಕ್ಕ ಕುಂಚಗಳ ಡಬ್ಬವನ್ನು ಕಂಕುಳಿಗೆ ಸಿಕ್ಕಿಸಿಕೊಂಡಳು. ಪತ್ರಿಕೆ ಕೋಣೆಯ ಬೀಗದ ಕೈ ಕೊಟ್ಟು, ಸರದಿ ಬದಲಾಯಿಸುವ ಕಾವಲುಗಾರರ ದನಿಯಲ್ಲಿ ಹೇಳಿದಳು, “ಬಾಗಿಲ ಪಕ್ಕದ ಕಟ್ಟು ಮೊದಲು ಎಳೀಬೇಡ, ಮೇಲಿನದು ತಲೆ ಮೇಲೆ ಬೀಳತ್ತೆ. ಮೂಗಿಗೆ ಬಟ್ಟೆ ಕಟ್ಕೋ. ಬಲ್ಬಿನ ಸ್ವಿಚ್ಚು ಹೊರಗಡೆ ಇದೆ, ಎಡಕ್ಕೆ.” ನಂತರ ದುರಸ್ತಿ ವಿಭಾಗದ ಓರೆ ಫಲಕದ ಕೆಳಗೆ ಒಳಹೋದಳು.

ಸೂಜಕ್ಕ ಹನ್ನೊಂದು ಮೆಟ್ಟಿಲಿಳಿದು ದೀಪ ಹಾಕಿದಳು. ಒಳಗಿನ ಸಾಲಿನ ಒಂದು ಕಟ್ಟನ್ನು ಹಗ್ಗ ಹಿಡಿದು ಎತ್ತಿದಳು. ಮೂರು ವರ್ಷ ಗೋಂದಕ್ಕ ಉಸಿರಾಡಿದ ಧೂಳು ಒಮ್ಮೆಲೇ ಮುಖಕ್ಕೆ ಎದ್ದಿತು. ಒಂದು ಸೀನು, ಎರಡು, ಮೂರು. ಕಣ್ಣಲ್ಲಿ ನೀರು, ನಿಲ್ಲುವ ಹಾಗೇ ಇಲ್ಲ.

ಮೇಲೆ ಬಾಗಿಲು ತೆರೆದ ಸದ್ದಾಯಿತು. ಗದರುವ ದನಿ ಮೆಟ್ಟಿಲಿಳಿದು ಬಂತು.

“ಲೇ, ಬಟ್ಟೆ ಕಟ್ಕೋ ಅಂದ್ನಲ್ಲೇ! ಹೇಳಿದ್ದು ಒಂದಾದ್ರೂ ಕೇಳ್ತೀಯಾ ನೀನು?”

ಬಾಗಿಲು ದಢಾರನೆ ಮುಚ್ಚಿತು. ಇನ್ನೊಂದು ಮಾತು ಬರಬಹುದೆಂದು ಸೂಜಕ್ಕ ಕಾದಳು. ಬರಲಿಲ್ಲ. ಗೋಂದಕ್ಕ ಒಗೆದು ಮಡಿಸಿ ಗೋಡೆಯ ಮೊಳೆಗೆ ನೇತುಹಾಕಿ ಹೋಗಿದ್ದ ಬಟ್ಟೆಯನ್ನು ತೆಗೆದು ಮೂಗಿಗೆ ಬಿಗಿಯಾಗಿ ಕಟ್ಟಿಕೊಂಡಳು.